ನೀರಿಗೆ ಹೆದರಿದ ಇಲಿಗಳು

ಇಲಿಗಳು ಈಜಲಿಲ್ಲ. ದುಂಡನೆಯ ದೊಡ್ಡ ತೊಟ್ಟಿಗೆ ಬಿಟ್ಟ ಕೂಡಲೇ ಕೆಲವು ಅಂಚು ಹಿಡಿದು ಸುತ್ತು ಹೊಡೆದವು, ಕೆಲವು ಕೈಕಾಲು ಬಿಟ್ಟು ಸುಮ್ಮನೆ ತೇಲಿದವು. ನೀರಿಗೆ ಬಿಳಿ ಬಣ್ಣ ಬೆರೆಸಿ, ಅದರಡಿ ಕಣ್ಣಿಗೆ ಕಾಣದ ಹಾಗೆ ಒಂದು ಪುಟ್ಟ ಕಟ್ಟೆ ಇಟ್ಟಿದ್ದರು. ಒಂದು ಸಲ ಆ ಕಟ್ಟೆ ಸಿಕ್ಕಿದ ಇಲಿ ಮರುದಿನ ಜಾಗ ನೆನಪಿಟ್ಟುಕೊಂಡು ನೇರವಾಗಿ ಅಲ್ಲಿಗೇ ಈಜಬೇಕು. ಅದೇ ನೆನಪಿನ ಪರೀಕ್ಷೆ. ಆದರೆ ಪರೀಕ್ಷೆಗೆ ಕೂತವರು ಪೆನ್ನನ್ನೇ ಮುಟ್ಟದಿದ್ದರೆ ಅಂಕ ಹಾಕುವುದು ಯಾವುದಕ್ಕೆ?

ಮೀನಿ ಒದ್ದೆಯಾದ ತೋಳನ್ನು ಒರೆಸಿಕೊಳ್ಳುತ್ತಾ ತೊಟ್ಟಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಮೀನಿ ಎನ್ನುವುದು ಮನೆಯಲ್ಲಿಟ್ಟ ಅಡ್ಡಹೆಸರು. ಮೊದಲ ಸಲ ನೀರಿಗಿಳಿದಾಗ ಕಲ್ಲಿನ ಹಾಗೆ ಮುಳುಗಿದ್ದಕ್ಕೆ ತಮಾಷೆಗೆ ಇಟ್ಟದ್ದು. ಆಮೇಲೆ ಅವಳು ಚೆನ್ನಾಗಿ ಈಜಲು ಕಲಿತ ಮೇಲೂ ಉಳಿದುಕೊಂಡಿತ್ತು. ಈಗ ಅವಳು ಒಂದು ಸಂಶೋಧನಾ ಸಂಸ್ಥೆಯಲ್ಲಿ ಆಲ್ಝೈಮರ್ ಕಾಯಿಲೆಯ ಮೇಲೆ ಕೆಲಸ ಮಾಡುತ್ತಿದ್ದಳು. ಆ ಕಾಯಿಲೆಯಲ್ಲಿ ಮನುಷ್ಯರ ಮಿದುಳಿನಲ್ಲಿ ಕಟ್ಟಿಕೊಳ್ಳುವಂಥದೇ ಗಂಟುಗಳು ಕಟ್ಟಿಕೊಂಡು, ವಯಸ್ಸಾಗುತ್ತಾ ಮರೆವು ಬರುವ ಹಾಗೆ ಬೆಳೆಸಿದ ಇಲಿಗಳು ಅಲ್ಲಿದ್ದವು. ಗಂಟುಗಳ ಸುತ್ತ ಮಿದುಳಿನ ಕಾವಲು ಕೋಶಗಳು ಸೇರಿಕೊಂಡು, ಬೆಂಕಿ ಆರಿಸಲು ಬಂದವರೇ ಬೆಂಕಿ ಹಚ್ಚಿದ ಹಾಗೆ ಉರಿಯೂತ ಎಬ್ಬಿಸುತ್ತವೆ. ಒಂದು ಆಂಟಿ ಆಕ್ಸಿಡೆಂಟ್ ಔಷಧಿ ಕೊಟ್ಟರೆ ಆ ಉರಿ ತಗ್ಗುತ್ತದೆಯೇ, ತಗ್ಗಿದರೆ ನೆನಪು ಉಳಿಯುತ್ತದೆಯೇ ಎಂದು ನೋಡುವುದು ಅವಳ ಕೆಲಸ.

ಔಷಧಿಗೆ ಕೆಟ್ಟ ಮೊಟ್ಟೆಯ ವಾಸನೆ. ಇಲಿಗಳು ಕುಡಿಯುವ ನೀರಿಗೇ ಅದನ್ನು ಬೆರೆಸಬೇಕು. ಬೆರೆಸದ ನೀರಿನಲ್ಲೂ ಅಂಥದೇ ವಾಸನೆ ಬರುವ ಹಾಗೆ ಮಾಡಿ, ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಹಸಿರು ಮುಚ್ಚಳ ಹಾಕಿದ್ದರು. ಯಾವ ಮುಚ್ಚಳದಲ್ಲಿ ಔಷಧಿ ಇದೆ ಎನ್ನುವುದು ನೀರು ಬೆರೆಸುವ ಫಾರ್ಮಸಿಸ್ಟ್ ಒಬ್ಬನಿಗೆ ಮಾತ್ರ ಗೊತ್ತು. ಮೀನಿಗೂ ಗೊತ್ತಿರಬಾರದು. ಗೊತ್ತಿದ್ದರೆ ಆಸೆ ಕಣ್ಣಿಗೆ ಕನ್ನಡಕ ಹಾಕಿಬಿಡುತ್ತದೆ.

ಇವತ್ತು ನೀರಿಗಿಳಿಸಿದ್ದು ಔಷಧಿ ಕುಡಿಯದ, ಬರೀ ಅಭ್ಯಾಸಕ್ಕೆಂದು ಇಟ್ಟಿದ್ದ ಇಲಿಗಳನ್ನು. ಅವುಗಳಲ್ಲಿ ಯಾವ ಕಾಯಿಲೆಯೂ ಇಲ್ಲದವು ಕೂಡ ತೇಲುತ್ತಾ ಸೂರು ನೋಡುತ್ತಿದ್ದವು.

"ಇವಕ್ಕೆ ಮರೆವು ಬಂದಿಲ್ಲ, ಹೆದರಿಕೆ ಬಂದಿದೆ," ಎಂದರು ಪ್ರೊಫೆಸರಮ್ಮ. ಒಂದು ಕನ್ನಡಕ ತಲೆಯ ಮೇಲೆ, ಇನ್ನೊಂದು ಕೊರಳಲ್ಲಿ ನೇತಾಡಿಸಿಕೊಂಡು ಮೂರನೆಯದನ್ನು ಹುಡುಕುವ ಪೈಕಿ ಅವರು. "ಹೀಗೇ ಆದ್ರೆ ನಿಜವಾದ ಪರೀಕ್ಷೆ ದಿನ ನಮ್ಮ ಕೈಗೆ ಏನೂ ಸಿಗಲ್ಲ. ಏನಾದ್ರೂ ಯೋಚನೆ ಮಾಡು. ನಾನೂ ಮಾಡ್ತೀನಿ."

ಮೀನಿಗೆ ಯೋಚನೆ ಹರಿಯುವ ಮೊದಲೇ ಫೋನ್ ಬಂತು. ಚಿಕ್ಕಪ್ಪ.

"ಮೀನಿ, ನಾಳೆ ಮಧ್ಯಾಹ್ನ ಬಿಡುವು ಮಾಡ್ಕೊಂಡು ಬರ್ತೀಯೇನಮ್ಮಾ? ಇವಳು ಸ್ನಾನಕ್ಕೆ ಒಪ್ತಾನೇ ಇಲ್ಲ. ನಲ್ಲಿ ತಿರುಗಿಸಿದ್ರೆ ಸಾಕು, ಕೊಲ್ತಾರೆ ಅನ್ನೋ ಹಾಗೆ ಕಿರುಚ್ತಾಳೆ. ಪಕ್ಕದ ಮನೆಯವರು ನನ್ನನ್ನ ಒಂಥರಾ ನೋಡ್ತಿದಾರೆ."

ಮೀನಿಯನ್ನು ಹೆತ್ತವಳು ಬೇರೆ, ಸಾಕಿದವಳು ಈ ಚಿಕ್ಕಮ್ಮ. ತಾಯಿ ತೀರಿಹೋದ ಮೇಲೆ ಅವಳ ತಂಗಿಯಾದ ಇವಳು ಮಗುವನ್ನು ಎತ್ತಿಕೊಂಡು ಬಂದು, ಹೆತ್ತ ಮಗಳಿಗಿಂತ ಒಂದು ಕೈ ಹೆಚ್ಚಾಗಿ ನೋಡಿಕೊಂಡಿದ್ದಳು. ಊರಿನ ಈಜುಕೊಳದಲ್ಲಿ ಅವಳು ಈಜು ಹೇಳಿಕೊಡುತ್ತಿದ್ದಳು. ಕೊರಳಲ್ಲಿ ಸೀಟಿ, ಹೆಗಲ ಮೇಲೆ ಟವೆಲು, ಮೈಯೆಲ್ಲಾ ಕ್ಲೋರಿನ್ ವಾಸನೆ. ಕೊಳದಲ್ಲಿ ಹುಟ್ಟಿದವಳ ಹಾಗಿದ್ದ ಹೆಂಗಸು ಈಗ ಬಕೆಟ್ಟಿನ ನೀರಿಗೆ ಹೆದರುತ್ತಿದ್ದಳು. ಮರೆವು ಶುರುವಾಗಿ ವರ್ಷಗಳೇ ಕಳೆದಿದ್ದವು. ಮೀನಿಯನ್ನು ಕಂಡರೆ ನಗುತ್ತಿದ್ದಳು, ಆದರೆ ಬ್ಯಾಂಕಿನಲ್ಲೋ ಬಸ್ಸಿನಲ್ಲೋ ಕಂಡವರನ್ನು ನೋಡಿ ನಕ್ಕ ಹಾಗೆ.

"ಕೊಳಕ್ಕೆ ಕರ್ಕೊಂಡು ಹೋಗೋಣ," ಎಂದಳು ಮೀನಿ.

"ಹುಚ್ಚೇನೇ ನಿನಗೆ? ಚೊಂಬು ನೀರಿಗೆ ಹೆದರೋಳು…"

"ನಲ್ಲಿ ನೀರು ಮೇಲಿಂದ ಬೀಳತ್ತೆ ಚಿಕ್ಕಪ್ಪ. ಕೊಳದ ನೀರು ತಾನಾಗಿ ಮೈಮೇಲೆ ಬೀಳಲ್ಲ. ಇಷ್ಟ ಇದ್ರೆ ಇಳೀತಾಳೆ, ಇಲ್ದಿದ್ರೆ ವಾಪಸ್ ಬರೋಣ."

ಕೊಳದ ಮೇಲ್ವಿಚಾರಕಿ ಒಂದು ಕಾಲದಲ್ಲಿ ಚಿಕ್ಕಮ್ಮನ ಕೈಯಲ್ಲೇ ಈಜು ಕಲಿತವಳು. ಮಧ್ಯಾಹ್ನ ಕೊಳ ಮುಚ್ಚಿರುವ ಹೊತ್ತಿನಲ್ಲಿ ಬಾಗಿಲು ತೆಗೆದುಕೊಟ್ಟಳು. "ಇವರು ನನ್ನ ಮೂಗು ಹಿಡಿದು ಮುಳುಗಿಸದಿದ್ರೆ ಇವತ್ತು ನನಗೆ ಈ ಕೆಲಸ ಎಲ್ಲಿತ್ತು!" ಎಂದು ನಕ್ಕು, ಕಣ್ಣು ಒರೆಸಿಕೊಂಡು, ತನ್ನ ಕೋಣೆಗೆ ಹೋದಳು.

ಚಿಕ್ಕಮ್ಮ ಮೆಟ್ಟಿಲ ಹತ್ತಿರ ನಿಂತಳು. ನೀರನ್ನು ನೋಡಿದಳು. ಚಿಕ್ಕಪ್ಪನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಚಿಕ್ಕಪ್ಪನ ಮುಖ ಸಪ್ಪಗಾಯಿತು. ಸರಿ, ಬಂದದ್ದಕ್ಕೆ ತಾನಾದರೂ ಒದ್ದೆಯಾಗೋಣವೆಂದು ಮೀನಿ ನೀರಿಗೆ ಇಳಿದಳು. ನೀರು ಅವಳು ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು. ಮೈ ಸೆಟೆದು, ಭುಜ ಕಿವಿಯವರೆಗೆ ಏರಿತು, ಬಾಯಿಂದ "ಅಯ್ಯಪ್ಪಾ!" ಎಂದು ಬಂತು.

"ಏಯ್! ಭುಜ ಇಳಿಸು, ಭುಜ!"

ಕೊಳದ ಆ ತುದಿಗೂ ಕೇಳುವ ದನಿ. ಮೀನಿ ತಿರುಗಿ ನೋಡುವಷ್ಟರಲ್ಲಿ ಚಿಕ್ಕಮ್ಮ ಗಂಡನ ತೋಳು ಬಿಟ್ಟು, ಕಂಬಿ ಹಿಡಿದು, ಮೆಟ್ಟಿಲು ಇಳಿದು ಬರುತ್ತಿದ್ದಳು. ಸೊಂಟದವರೆಗೆ ನೀರು ಬಂದರೂ ಅವಳ ಗಮನವೆಲ್ಲ ಎದುರಿಗಿದ್ದ ಈ ಹೆದರುಪುಕ್ಕಲಿಯ ಮೇಲೆ.

"ಹೊಸಬಳೇನಮ್ಮಾ ನೀನು?"

ಮೀನಿ ಭುಜ ಇಳಿಸಿದಳು. ಆಮೇಲೆ, "ಹೌದು ಟೀಚರ್. ಈಜೋಕೆ ಬರಲ್ಲ," ಎಂದಳು.

"ಬರದೆ ಏನು, ಬರತ್ತೆ. ಅವಸರ ಮಾಡ್ಬೇಡ. ಮೊದಲು ಸುಮ್ನೆ ನಿಂತ್ಕೋ. ನನ್ನ ಕೈ ಗೊತ್ತಾಯ್ತಾ? ಈ ಕೈ ಎಲ್ಲೂ ಹೋಗಲ್ಲ. ಕೈ ಮೇಲೆ ನಂಬಿಕೆ ಬರೋವರೆಗೂ ನೀರಿನ ಯೋಚನೆನೇ ಬೇಡ." ಅವಳು ಮೀನಿಯ ಬೆನ್ನ ಕೆಳಗೆ ಅಂಗೈ ಇಟ್ಟು ಮಲಗಿಸಿದಳು. "ಉಸಿರು ಬಿಡು. ಹೆದರಿದೋರು ಏನೂ ಕಲಿಯಲ್ಲ, ತಿಳೀತಾ? ಹೆದರಿಕೆ ಹೋಗ್ಲಿ, ಆಮೇಲೆ ಪಾಠ."

ಮೀನಿ ಆ ಅಂಗೈಯ ಮೇಲೆ ತೇಲಿದಳು. ಕಿವಿಗೆ ನೀರು ತುಂಬಿಕೊಂಡದ್ದರಿಂದ ಚಿಕ್ಕಮ್ಮನ ಮಾತು ದೂರದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಇದೇ ಕೈ, ಇದೇ ಮಾತು, ಇದೇ ಕೊಳ. ಹೇಳುತ್ತಿರುವುದು ಯಾರಿಗೆಂದು ಹೇಳುವವಳಿಗೆ ಗೊತ್ತಿರಲಿಲ್ಲ. ಆದರೂ ಅಂದಿನ ಅಕ್ಕರೆಯಲ್ಲಿ ಚೂರೂ ಕಡಿಮೆಯಾಗಿರಲಿಲ್ಲ. ದಡದಲ್ಲಿ ಚಿಕ್ಕಪ್ಪ ಟವೆಲನ್ನು ಎದೆಗೆ ಒತ್ತಿಕೊಂಡು, ನಗುತ್ತಿದ್ದನೋ ಅಳುತ್ತಿದ್ದನೋ ಅಂತೂ ಅವನ ಹೊಟ್ಟೆ ಕುಲುಕುತ್ತಿತ್ತು.

"ಪರವಾಗಿಲ್ಲ, ಬೇಗ ಕಲೀತೀಯ," ಎಂದು ಚಿಕ್ಕಮ್ಮ ಪ್ರಮಾಣಪತ್ರ ಕೊಟ್ಟಳು. ಸ್ನಾನ ಮಾಡಿಸಬೇಕು ಎಂದು ಬಂದವರಿಗೆ ಸ್ನಾನ ಆಗಿಹೋದದ್ದೇ ಗೊತ್ತಾಗಲಿಲ್ಲ.

ಮನೆಗೆ ಹಿಂದಿರುಗುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡಿದ್ದ ಮೀನಿ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಹೆದರಿದವರು ಏನೂ ಕಲಿಯುವುದಿಲ್ಲ. ನಾವು ಆ ಇಲಿಗಳನ್ನು ಬಾಲ ಹಿಡಿದು ಎತ್ತಿ, ಪರಿಚಯವೇ ಇಲ್ಲದ ಕೋಣೆಗೆ ತಂದು, ತಣ್ಣನೆಯ ನೀರಿಗೆ ಬಿಟ್ಟು, ನೆನಪಿಟ್ಟುಕೋ ಎಂದಿದ್ದೆವಲ್ಲ! ಇಲಿಗಳನ್ನು ಕೈಗೆ ಒಗ್ಗಿಸಬೇಕು ಎನ್ನುವುದು ಅವಳು ಓದದ ವಿಷಯವೇನಲ್ಲ. ಕೆಲಸದ ಒತ್ತಡದಲ್ಲಿ ಬಿಟ್ಟುಹೋಗಿತ್ತು, ಅಷ್ಟೆ.

ಪ್ರೊಫೆಸರಮ್ಮನಿಗೆ ಹೇಳಿದಾಗ, "ಮಾಡು, ಎಷ್ಟು ಹೊತ್ತು ಬೇಕೋ ತಗೋ. ನಾನೂ ಕೈ ಜೋಡಿಸ್ತೀನಿ," ಎಂದರು. ಅಂದಿನಿಂದ ಬೆಳಿಗ್ಗೆ ಇಬ್ಬರೂ ಇಲಿಗಳ ಕೋಣೆಯಲ್ಲಿ ಕೂತು, ಪ್ರತಿಯೊಂದು ಇಲಿಯನ್ನೂ ಎರಡು ಅಂಗೈಗಳ ಬಟ್ಟಲಿನಲ್ಲಿ ಎತ್ತಿಕೊಂಡು, ಸುಮ್ಮನೆ ಇಟ್ಟುಕೊಳ್ಳತೊಡಗಿದರು. ಮೊದಮೊದಲು ಇಲಿಗಳು ಅವರ ಕೋಟಿನ ಮೇಲೆಲ್ಲ ಉಚ್ಚೆ ಹೊಯ್ದವು. ಬರಬರುತ್ತಾ ತೋಳಿನ ಮೇಲೆ ಹತ್ತಿ, ಪ್ರೊಫೆಸರಮ್ಮನ ನೇತಾಡುವ ಕನ್ನಡಕದ ದಾರ ಮೂಸಿ ನೋಡುವಷ್ಟು ಸಲಿಗೆ ಬೆಳೆಸಿಕೊಂಡವು. ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದರು. ಮೊದಲು ಕಾಲು ಊರುವಷ್ಟು ಆಳ, ಆಮೇಲೆ ಈಜುವಷ್ಟು. ಅಭ್ಯಾಸದ ಇಲಿಗಳು ಈಜಿದವು. ಕಟ್ಟೆ ಸಿಕ್ಕಿದ ಮೇಲೆ ಅದರ ಮೇಲೆ ಹತ್ತಿ ಕೂತು ಮೀಸೆ ಒರೆಸಿಕೊಳ್ಳುವುದನ್ನು ನೋಡಿದರೆ, ನಮ್ಮದೇನು ಮಹಾ ಎನ್ನುವ ಹಾಗಿತ್ತು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಸಂಸ್ಥೆಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ರಿಪೇರಿಗೆ ಬಂದದ್ದು ಬೇರೆ ಯಾರೂ ಅಲ್ಲ, ಚಿಕ್ಕಪ್ಪ. ಊರಿನ ಅರ್ಧ ಲಿಫ್ಟುಗಳು ಅವನ ಕೈಯಲ್ಲೇ ಇದ್ದವು. ನಿವೃತ್ತಿಯಾದ ಮೇಲೂ ಹಳೆಯ ಲಿಫ್ಟ್ ಮುನಿಸಿಕೊಂಡರೆ ಕಂಪನಿ ಅವನನ್ನೇ ಕರೆಯುತ್ತಿತ್ತು. ಒಂದೆರಡು ಗಂಟೆ ಚಿಕ್ಕಮ್ಮನ ಹತ್ತಿರ ಕೂರಲು ಪಕ್ಕದ ಮನೆಯಾಕೆಯನ್ನು ಒಪ್ಪಿಸಿ ಬಂದಿದ್ದ. ಮೀನಿ ಓಡಿ ಬರುವಷ್ಟರಲ್ಲಿ ಅವನು ಹೊರಬಾಗಿಲನ್ನು ಬೆರಳಗಲ ಸರಿಸಿ, ಬಾಯಿಯನ್ನು ಸಂದಿಗೆ ಕೊಟ್ಟಿದ್ದ.

"ಒಳಗಡೆ ಯಾರಿದೀರಿ? ಏನೂ ಭಯ ಇಲ್ಲ. ನಾನಿಲ್ಲೇ ಇದೀನಿ."

"ನಾನು ಇಲ್ಲಿ ಪ್ರೊಫೆಸರ್ ಕಣ್ರೀ," ಎಂದು ಕೆಳಗಿಂದ ಕ್ಷೀಣವಾದ ದನಿ ಬಂತು. "ಸ್ವಲ್ಪ ಬೇಗ ಮಾಡ್ತೀರಾ?"

ಚಿಕ್ಕಪ್ಪನ ಹುಬ್ಬು ಮೇಲೇರಿತು. ಮೀನಿಯ ಕಡೆ ನೋಡಿದ. ಬೇಡ ಬೇಡ ಎಂದು ಅವಳು ಕೈ ಅಲ್ಲಾಡಿಸಿದಳು. ಅವನು ನೋಡದವನಂತೆ ಸಂದಿಯ ಕಡೆ ತಿರುಗಿದ.

"ಇಲಿ ಪ್ರೊಫೆಸರಾ, ಮೇಡಂ?"

"…ಹೌದು, ಹಾಗೂ ಅನ್ನಬಹುದು."

"ನಾನು ಮೀನಿ ಚಿಕ್ಕಪ್ಪ. ಮೇಡಂ, ಕೆಲಸ ಮಾಡ್ತಾ ಮಾಡ್ತಾನೇ ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ." ಅವನ ಕೈ ಸ್ಪ್ಯಾನರ್ ತಿರುಗಿಸುತ್ತಲೇ ಇತ್ತು. "ಆ ಔಷಧಿನ ನನ್ನ ಹೆಂಡತಿಗೂ ಕೊಡಬಹುದಾ? ಇವಳನ್ನ ಕೇಳಿದ್ರೆ ಬರೀ ಆಗಲ್ಲ ಅಂತಾಳೆ. ನೀವು ದೊಡ್ಡೋರು. ನೀವು ಹೇಳಿದ್ರೆ ಆಗತ್ತೇನೋ ಅಂತ."

ಮೀನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ನಾನೀಗ ನಿಮ್ಮ ಕೈಯಲ್ಲಿ ಸಿಕ್ಕಿಹಾಕ್ಕೊಂಡಿದೀನಿ," ಎಂದರು ಪ್ರೊಫೆಸರಮ್ಮ. "ಆಗಲಿ ಅಂತ ಹೇಳಿದ್ರೆ ನನಗೇ ಅನುಕೂಲ. ಆದ್ರೆ ಸುಳ್ಳು ಹೇಳೋಕೆ ಆಗಲ್ಲ. ಇಲಿಗೆ ಒಳ್ಳೇದು ಮಾಡಿದ್ದು ಮನುಷ್ಯರಿಗೆ ಕೆಟ್ಟದ್ದು ಮಾಡಿದ್ದೂ ಇದೆ, ಏನೂ ಮಾಡದೆ ಇದ್ದದ್ದಂತೂ ಎಷ್ಟೋ ಇದೆ. ಇಲಿಗಾದ್ರೂ ಒಳ್ಳೇದಾಗತ್ತಾ ಅಂತಾನೇ ನಮಗಿನ್ನೂ ಗೊತ್ತಿಲ್ಲ. ನಿಮ್ಮ ಮನೆಯವರು ಬೇರೆ ಮಾತ್ರೆ ತಗೋತಾರಾ?"

"ರಕ್ತ ತೆಳ್ಳಗಾಗೋಕೆ ಒಂದು ತಗೋತಾಳೆ."

"ನೋಡಿ. ಅದರ ಜೊತೆ ಇದು ಸೇರಿದ್ರೆ ಏನಾಗತ್ತೋ ಯಾರು ಬಲ್ಲರು? ನನ್ನ ಅಮ್ಮ ಆಗಿದ್ರೂ ಕೊಡ್ತಿರಲಿಲ್ಲ. ಅಂಗಡಿಯಲ್ಲಿ ಆಂಟಿ ಆಕ್ಸಿಡೆಂಟ್ ಅಂತ ಬರೆದು ಮಾರ್ತಾರಲ್ಲ, ಅದನ್ನೂ ಡಾಕ್ಟರನ್ನ ಕೇಳದೆ ಕೊಡಬೇಡಿ. ಇಷ್ಟು ಹೇಳಿದ್ಮೇಲೂ ಲಿಫ್ಟ್ ರಿಪೇರಿ ಮಾಡ್ತೀರಾ?"

ಚಿಕ್ಕಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. "ಮಾಡ್ತೀನಿ ಮೇಡಂ, ಮಾಡ್ತೀನಿ. ಇಲ್ಲ ಅಂತ ಹೇಳೋಕೆ ಇಷ್ಟು ಹೊತ್ತು ತಗೊಂಡ್ರಲ್ಲ, ಸಂತೋಷ. ಎಲ್ಲರೂ ಒಂದೇ ಮಾತಲ್ಲಿ ಮುಗಿಸ್ತಾರೆ."

ಆಮೇಲೂ ಅವನು ಮಾತು ನಿಲ್ಲಿಸಲಿಲ್ಲ. ಒಳಗೆ ಗಾಳಿ ಬರುತ್ತಿದೆಯೇ, ಬೆಳಿಗ್ಗೆ ತಿಂಡಿ ಆಗಿದೆಯೇ, ಮೊಮ್ಮಕ್ಕಳು ಎಷ್ಟು ಎಂದು ವಿಚಾರಿಸುತ್ತಲೇ ಇದ್ದ. ಲಿಫ್ಟ್ ನರಳುತ್ತಾ ಮೇಲೆ ಬಂದು ಬಾಗಿಲು ತೆರೆದಾಗ ಪ್ರೊಫೆಸರಮ್ಮ ಬೆವರಿದ್ದರೂ ನಗುತ್ತಿದ್ದರು.

"ನೀವು ಮಾತಾಡ್ತಾ ಇಲ್ದಿದ್ರೆ ನಾನು ಗಾಬರಿಯಲ್ಲಿ ಕಿರುಚಿಬಿಡ್ತಿದ್ದೆ," ಎಂದರು.

"ಸಿಕ್ಕಿಕೊಂಡೋರ ಜೊತೆ ಮಾತು ನಿಲ್ಲಿಸಬಾರದು ಮೇಡಂ. ರಿಪೇರಿ ಆಗತ್ತೋ ಬಿಡತ್ತೋ, ಹೊರಗಡೆ ಯಾರೋ ಇದಾರೆ ಅಂತ ಅವರಿಗೆ ಗೊತ್ತಿರಬೇಕು," ಎಂದು ಅವನು ಕೈಯ ಗ್ರೀಸ್ ಒರೆಸಿಕೊಂಡ. ಬಳಿಕ ತಗ್ಗಿದ ದನಿಯಲ್ಲಿ, "ಮನೆಯಲ್ಲೂ ನನಗೆ ಈಗ ಅದೇ ಕೆಲಸ," ಎಂದ.

ಪ್ರೊಫೆಸರಮ್ಮ ಅವನಿಗೆ ತಮ್ಮ ಕೋಣೆಯಲ್ಲಿ ಟೀ ಕೊಟ್ಟರು. ಚಿಕ್ಕಮ್ಮನ ಮಾತ್ರೆ, ನಿದ್ದೆ, ಹೆದರಿಕೆ ಎಲ್ಲ ಕೇಳಿ, ಮರೆವಿನ ಕಾಯಿಲೆಯವರನ್ನು ನೋಡುವ ಒಬ್ಬ ಡಾಕ್ಟರಿಗೆ ತಾವೇ ಫೋನ್ ಮಾಡಿದರು. ಆ ಡಾಕ್ಟರು ಒಂದು ಮಾತ್ರೆ ಬದಲಾಯಿಸಿ, ಬಚ್ಚಲಿನ ನಲ್ಲಿಯ ಬದಲು ಕೂತು ಮೀಯುವ ತೊಟ್ಟಿ ಇಡಿಸಿ, ಕೊಳಕ್ಕೆ ಹೋಗುವುದನ್ನು ಬಿಡಲೇಬೇಡಿ ಎಂದರು. ಚಿಕ್ಕಮ್ಮನ ಕಿರುಚಾಟ ಬಹುಮಟ್ಟಿಗೆ ನಿಂತಿತು. ಕೇಳಿದ ಔಷಧಿ ಸಿಗಲಿಲ್ಲ, ಕೇಳದೇ ಇದ್ದ ಉಪಕಾರ ಸಿಕ್ಕಿತು ಎಂದು ಚಿಕ್ಕಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಪರೀಕ್ಷೆ ನಡೆಯಿತು. ಕೆಲವು ಇಲಿಗಳಿಗೆ ಚಿಕ್ಕ ವಯಸ್ಸಿನಿಂದಲೇ, ಮರೆವು ಕಾಣಿಸುವ ಮೊದಲೇ ಆ ನೀರು ಕುಡಿಸಿದ್ದರು. ಇನ್ನು ಕೆಲವಕ್ಕೆ ಮರೆವು ಬಲಿತ ಮೇಲೆ. ಎಲ್ಲವೂ ಈಜಿದವು. ಈಜಿನ ಪರೀಕ್ಷೆ ಮುಗಿದ ಮೇಲೆ ಬರುವ ಕೆಲಸ ಮೀನಿಗೆ ಯಾವತ್ತೂ ಕಷ್ಟದ್ದೇ. ಮಿದುಳನ್ನು ನೋಡಬೇಕಾದರೆ ಇಲಿ ಬದುಕಿರುವಂತಿಲ್ಲ. ನೋವಾಗದ ಹಾಗೆ ಮಲಗಿಸುವ ಮುಂಚೆ ಅವಳು ಒಂದೊಂದನ್ನೂ ಅಂಗೈಯಲ್ಲಿ ಎತ್ತಿಕೊಂಡು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ನಿನ್ನಿಂದ ತುಂಬಾ ಉಪಕಾರ ಆಯ್ತು ಕಣೋ," ಎನ್ನುತ್ತಿದ್ದಳು. ಈ ಸಲ ಅವು ಅವಳ ಕೈಯಲ್ಲಿ ಹೆದರದೆ ಕೂತಿದ್ದವು. ಅದರಿಂದ ಕೆಲಸ ಸುಲಭವಾಯಿತೋ ಕಷ್ಟವಾಯಿತೋ ಅವಳಿಗೇ ತಿಳಿಯಲಿಲ್ಲ.

ಕೂದಲಿಗಿಂತ ತೆಳ್ಳಗೆ ಕತ್ತರಿಸಿದ ಮಿದುಳಿನ ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಳು. ನೀಲಿ ಮುಚ್ಚಳದ ಇಲಿಗಳಲ್ಲಿ ಕಾವಲು ಕೋಶಗಳು ಊದಿಕೊಂಡು, ಕೊಂಬೆಗಳನ್ನು ಒಳಗೆಳೆದುಕೊಂಡು, ಜಗಳಕ್ಕೆ ನಿಂತವರ ಹಾಗೆ ಗಂಟುಗಳ ಸುತ್ತ ಗುಂಪು ಕಟ್ಟಿದ್ದವು. ಹಸಿರು ಮುಚ್ಚಳದವುಗಳಲ್ಲಿ ಅದೇ ಕೋಶಗಳು ತೆಳ್ಳಗಿನ ಕೊಂಬೆ ಚಾಚಿಕೊಂಡು ದೂರದೂರ ನಿಂತಿದ್ದವು. ಉರಿಯೂತದ ಸುದ್ದಿ ಹೊತ್ತು ತಿರುಗುವ ಪ್ರೋಟೀನುಗಳೂ ಅವುಗಳಲ್ಲಿ ಕಡಿಮೆ. ಎಲ್ಲ ಬರೆದು ಮುಗಿದ ಮೇಲೆ ಫಾರ್ಮಸಿಸ್ಟನನ್ನು ಕರೆಸಿದರು. ಅವನು ಬಾಗಿಲಲ್ಲೇ ನಿಂತು, ಎಲ್ಲರ ಮುಖ ನೋಡಿ, "ಹಸಿರು," ಎಂದ. ಪ್ರೊಫೆಸರಮ್ಮ ಮೀನಿಯನ್ನು ತಬ್ಬಿಕೊಂಡಾಗ ಅವರ ಕೊರಳಿನ ಕನ್ನಡಕ ಇಬ್ಬರ ನಡುವೆ ಸಿಕ್ಕಿ ಮುರಿಯಿತು.

ಆದರೆ ಸುದ್ದಿ ಪೂರ್ತಿ ಸಿಹಿಯಾಗಿರಲಿಲ್ಲ. ಗಂಟುಗಳು ಇದ್ದಷ್ಟೇ ಇದ್ದವು. ನೆನಪು ಉಳಿದದ್ದು ಮೊದಲಿನಿಂದ ಔಷಧಿ ಕುಡಿದ ಇಲಿಗಳಿಗೆ ಮಾತ್ರ. ತಡವಾಗಿ ಕುಡಿದವುಗಳಲ್ಲಿ ಉರಿಯೇನೋ ತಗ್ಗಿತ್ತು, ಕಟ್ಟೆ ಮಾತ್ರ ಸಿಕ್ಕಿರಲಿಲ್ಲ. ನೀರಲ್ಲಿ ಹುಡುಕುತ್ತಲೇ ಇದ್ದವು.

ಭಾನುವಾರ ಬೆಳಿಗ್ಗೆ ಮೀನಿ ಚಿಕ್ಕಪ್ಪನ ಮನೆಗೆ ಹೋದಳು. ಅಡುಗೆಮನೆಯಲ್ಲಿ ಅವನು ತರಕಾರಿ ಹೆಚ್ಚುತ್ತಿದ್ದ; ಚಿಕ್ಕಮ್ಮ ಮೇಜಿನ ಆಚೆ ಕೂತು ಟವೆಲುಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಹೇಗೆ ಶುರು ಮಾಡುವುದೆಂದು ಮೀನಿಗೆ ಹೊಳೆಯಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಮೊದಲೇ ಕೊಟ್ಟರೆ ಪ್ರಯೋಜನ ಇದೆ, ತಡವಾದರೆ ನೆನಪು ಹಿಂದಿರುಗುವುದಿಲ್ಲ, ಅದೂ ಇಲಿಗಳ ಮಟ್ಟಿಗೆ.

ಚಿಕ್ಕಪ್ಪ ಚಾಕು ಕೆಳಗಿಟ್ಟ. "ತಡವಾಗಿ ಕುಡಿದವಕ್ಕೆ ಏನೂ ಪ್ರಯೋಜನ ಆಗ್ಲಿಲ್ವಾ? ಉರಿ ಕಡಿಮೆ ಆಯ್ತು ಅಂದೆಯಲ್ಲ. ಅವಕ್ಕೆ ಅದರಿಂದ ಸ್ವಲ್ಪ ನೆಮ್ಮದಿ ಆದ್ರೂ ಸಿಕ್ತಾ?"

ಈ ಪ್ರಶ್ನೆಯನ್ನು ಸಂಸ್ಥೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಆದರೆ ಉತ್ತರ ಮೀನಿಯ ಹತ್ತಿರ ಇತ್ತು. "ಸಿಕ್ತು ಅನ್ಸತ್ತೆ ಚಿಕ್ಕಪ್ಪ. ಕಾಯಿಲೆ ಬಲಿತ ಇಲಿಗಳು ಗೂಡು ಕಟ್ಟೋದನ್ನ ಬಿಟ್ಟುಬಿಡ್ತವೆ. ಹತ್ತಿ ಹಾಕಿದ್ರೆ ತುಳ್ಕೊಂಡು ಓಡಾಡ್ತವೆ, ಮೂಲೆಯಲ್ಲಿ ಎಲ್ಲೋ ಬಿದ್ಕೋತವೆ. ಔಷಧಿ ಕುಡಿದವು, ತಡವಾಗಿ ಕುಡಿದವೂ ಅಷ್ಟೇ, ಹತ್ತಿ ಕಿತ್ತು ದುಂಡಗೆ ಗೂಡು ಮಾಡ್ಕೊಂಡು ಮಲಗ್ತಿದ್ವು. ಚೆನ್ನಾಗಿ ನಿದ್ದೆ ಮಾಡ್ತಿದ್ವು."

"ಹೌದಾ?" ಅವನ ಮುಖ ಅರಳಿತು. "ಹಾಸಿಗೆ ಹಾಸ್ಕೊಂಡು ಮಲಗ್ತಿದ್ವಾ? ಮತ್ತೆ ಅದನ್ನ ಮೊದಲು ಹೇಳೋದಲ್ವೇನೇ! ಸಪ್ಪೆ ಮೋರೆ ಹಾಕ್ಕೊಂಡು ಬಂದಿದೀಯ."

"ಚಿಕ್ಕಮ್ಮನಿಗೆ ಇದರಿಂದ ಏನೂ ಆಗಲ್ಲ ಅಂತ…"

"ಗೊತ್ತು ಕಣಮ್ಮಾ. ಆ ದಿನ ನಿಮ್ಮ ಮೇಡಂ ಹೇಳಿದಾಗಲೇ ಗೊತ್ತಾಯ್ತು." ಅವನು ಹೆಂಡತಿ ಮಡಿಸಿದ ಟವೆಲೊಂದನ್ನು ತೆಗೆದು, ಬಿಚ್ಚಿ, ಮತ್ತೆ ಅವಳ ಮುಂದಿಟ್ಟ, ಅವಳಿಗೆ ಕೆಲಸ ಮುಗಿಯಬಾರದಲ್ಲ. "ಇನ್ನೊಂದು ಮನೆಯಲ್ಲಿ ಇನ್ನೊಬ್ಬಳಿಗೆ ಈಗಷ್ಟೇ ಶುರುವಾಗಿರತ್ತೆ. ಬೀಗದ ಕೈ ಎಲ್ಲಿಟ್ಟೆ ಅಂತ ಗಂಡನ ಹತ್ರ ಜಗಳ ಆಡ್ತಿರ್ತಾಳೆ. ಅವಳಿಗೆ ಸಿಗ್ಲಿ. ಇವಳು ಊರಿನ ಮಕ್ಕಳಿಗೆಲ್ಲಾ ಈಜು ಕಲಿಸಿದೋಳು, ಇದಕ್ಕೂ ಬೇಡ ಅನ್ನಲ್ಲ."

ಮೀನಿಗೆ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಬಂದೇಬಿಟ್ಟಿತು. ಅದು ದುಃಖದ್ದಾಗಿರಲಿಲ್ಲ. ಈ ಇಬ್ಬರ ಕೈಗೆ ಬಿದ್ದು ಬೆಳೆದೆನಲ್ಲ, ಇದಕ್ಕಿಂತ ದೊಡ್ಡ ಪುಣ್ಯ ಇನ್ನೇನು ಬೇಕಿತ್ತು ಎನ್ನಿಸಿ ಬಂದ ಅಳು. ಚಿಕ್ಕಮ್ಮ ಮಡಿಸಿದ ಟವೆಲೊಂದನ್ನು ಅವಳ ಕಡೆ ನೂಕಿ, "ಒರೆಸ್ಕೋ, ನೆಗಡಿ ಆಗತ್ತೆ," ಎಂದಳು.

ಸಂಶೋಧನೆಯ ಲೇಖನ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮನುಷ್ಯರ ಮೇಲೆ ನೋಡಲು ಬೇರೆ ಊರಿನ ಆಸ್ಪತ್ರೆಯೊಂದು, ಈಗಷ್ಟೇ ಮರೆವು ಶುರುವಾದವರನ್ನು ಮಾತ್ರ ಸೇರಿಸಿಕೊಂಡು, ಚಿಕ್ಕದೊಂದು ಪ್ರಯೋಗಕ್ಕೆ ತಯಾರಿ ನಡೆಸಿತು. ಅದರಿಂದ ಏನು ಬರುತ್ತದೋ ಇನ್ನೂ ಯಾರಿಗೂ ತಿಳಿಯದು. ಲೇಖನದ ಕೊನೆಯಲ್ಲಿ ಉಪಕಾರ ಸ್ಮರಿಸುವ ಜಾಗದಲ್ಲಿ, ಇಲಿಗಳನ್ನು ಸಾಕಿದವರು, ನೀರು ಬೆರೆಸಿದವನು ಎಲ್ಲರೂ ಮುಗಿದ ಮೇಲೆ ಮೀನಿ ಇನ್ನೊಂದು ಸಾಲು ಸೇರಿಸಿದ್ದಳು. ಪ್ರೊಫೆಸರಮ್ಮ ಅದನ್ನು ಹೊಸ ಕನ್ನಡಕದಲ್ಲಿ ಎರಡು ಸಲ ಓದಿ, ಏನೂ ತಿದ್ದದೆ ಹಾಗೇ ಬಿಟ್ಟಿದ್ದರು.

ಚಿಕ್ಕಪ್ಪ ಆ ಸಾಲನ್ನು ಮೀನಿಯ ಬಾಯಲ್ಲೇ ಕನ್ನಡಕ್ಕೆ ಹೇಳಿಸಿಕೊಂಡು, ಹೆಂಡತಿಯ ಪಕ್ಕದಲ್ಲಿ ಕೂತು ಅವಳಿಗೆ ಹೇಳಿದ: "ಕೇಳು. ಭಯ ಹೋಗದೆ ಯಾರೂ ಏನೂ ಕಲಿಯೋದಿಲ್ಲ ಅಂತ ತೋರಿಸಿಕೊಟ್ಟ, ನನ್ನನ್ನು ಬೆಳೆಸಿದ ಈಜು ಟೀಚರಿಗೆ ಈ ಕೆಲಸ ಋಣಿ. ಹೀಗೆ ಬರೆದಿದಾರೆ."

ಚಿಕ್ಕಮ್ಮ ಗಮನವಿಟ್ಟು ಕೇಳಿದಳು. "ಯಾರು ಬರೆದದ್ದು?"

"ಒಬ್ಬಳು ಹುಡುಗಿ."

"ಒಳ್ಳೇ ಹುಡುಗಿ ಇರ್ಬೇಕು," ಎಂದು ಅವಳು ಎದುರಿಗೆ ಕೂತಿದ್ದ ಮೀನಿಯನ್ನು ನೋಡಿ ನಕ್ಕಳು. ಆಮೇಲೆ ಗಂಡನ ಕಡೆ ಬಾಗಿ ಮೆಲ್ಲಗೆ ವಿಚಾರಿಸಿದಳು: "ಪಾಪ, ಅವಳಿಗೆ ಊಟ ಆಯ್ತಾ?"